ಖಾಲಿ ಮಡಕೆಯ ಅಳತೆ

ಒಂದು ಊರಿತ್ತು. ಅದರ ಹೆಸರು ನನಗೆ ಗೊತ್ತಿಲ್ಲ. ಗೊತ್ತಿದ್ದವರನ್ನು ಕೇಳಿದರೆ, "ಬಸ್ಸು ಹತ್ತು, ಅದೇ ಕರಕೊಂಡು ಹೋಗುತ್ತೆ" ಅಂದರು. ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಬಸ್ಸು ಹತ್ತುವವರು ಮೊದಲು ಸ್ಟಾಪಿನಲ್ಲಿಟ್ಟ ಮಡಕೆಯೊಳಗೆ ತಮ್ಮ ಕಲ್ಲು ಹಾಕಬೇಕು, "ಹೋಗಿ ಬರ್ತೀನಿ" ಅನ್ನಬೇಕು. ಮರಳಿ ಬಂದು ಇಳಿದಾಗ ಅಲ್ಲಿದ್ದವರು ಯಾರಾದರೂ "ಬಂದ್ಯಾ?" ಎಂದು ಕೇಳಬೇಕು. "ಬಂದೆ" ಎಂದು ಹೇಳಿ, ಮಡಕೆಗೆ ಕೈಹಾಕಿ, ತಮ್ಮ ಕಲ್ಲು ತೆಗೆದುಕೊಳ್ಳಬೇಕು. ಅಲ್ಲಿಗೆ ಪ್ರಯಾಣ ಮುಗಿಯಿತು. ಯಾರೂ ಕೇಳದೆ ಹೋದರೆ, ಮನುಷ್ಯ ತನ್ನ ಮನೆ ಬಾಗಿಲಲ್ಲೇ ನಿಂತಿದ್ದರೂ ಇನ್ನೂ ದಾರಿಯಲ್ಲಿದ್ದಾನೆ ಎಂದೇ ಅರ್ಥ.

ಎಲ್ಲರ ಬಳಿಯೂ ಒಂದೊಂದು ಕಲ್ಲು. ಹೊಳೆಯ ಕಲ್ಲು, ಮುಷ್ಟಿಯೊಳಗೆ ಹಿಡಿಸುವಷ್ಟು. ಒಂದಕ್ಕೆ ಬಿಳಿ ಗೆರೆ, ಒಂದಕ್ಕೆ ಕೆಂಪು ಚುಕ್ಕೆ, ಒಂದು ಹುಣಿಸೆ ಬೀಜದ ಬಣ್ಣ. ತನ್ನ ಕಲ್ಲನ್ನು ತಾನೇ ಆರಿಸಿಕೊಳ್ಳುವ ಹಾಗಿರಲಿಲ್ಲ. ತನಗಾಗಿ ಕಾಯುವವರು ಯಾರೋ ಅವರು ಹೊಳೆಗೆ ಹೋಗಿ ಆರಿಸಿ ತಂದು ಕೊಡಬೇಕು. ಹೆಂಡತಿ ಗಂಡನಿಗೆ ಕೊಡುತ್ತಿದ್ದಳು, ಗಂಡ ಹೆಂಡತಿಗೆ ಕೊಡುತ್ತಿದ್ದ, ಜಗಳವಾಡಿದ ದಿನ ಇಬ್ಬರೂ ಕಲ್ಲು ವಾಪಸ್ ಕೇಳುತ್ತಿದ್ದರು, ಸಂಜೆ ಮತ್ತೆ ಕೊಡುತ್ತಿದ್ದರು.

ಊರಿಗೆ ಎರಡು ಬಸ್ಸು. ಒಂದು ನೆಟ್ಟಗಿನ ಬಸ್ಸು. ಅದು ಪೇಟೆಯಿಂದ ಹೊರಟು, ಸೇತುವೆ ದಾಟಿ, ಹೊಳೆಯಾಚೆಯ ಸಂತೆಮಾಳಕ್ಕೆ ಹೋಗಿ ಬರುತ್ತಿತ್ತು. ಅದರೊಳಗೊಂದು ಗಡಿಯಾರ ತೂಗುಹಾಕಿತ್ತು. ಗಡಿಯಾರ ಬಡಿದರೆ ಹೊರಡಬೇಕು, ನಿಂತ ಕಡೆ ಏಳು ಉಸಿರು ಮಾತ್ರ ನಿಲ್ಲಬೇಕು, ಎಂಟನೆಯ ಉಸಿರಿಗೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದು ಸುತ್ತಿನ ಬಸ್ಸು. ಅದು ಪೇಟೆಯಿಂದ ಹೊರಟು ನೇಕಾರರ ಬೀದಿ, ಗಾರೆಯವರ ಬೀದಿ, ಸೂಲಗಿತ್ತಿಯ ಮನೆ, ಎರಡು ಬಾವಿ, ಒಂದು ಶಾಲೆ ಎಲ್ಲವನ್ನೂ ಸುತ್ತಿಕೊಂಡು ಮಡಕೆಯಜ್ಜಿಯ ಗುಡಿಸಲಿನ ಮುಂದೆ, ಕೊನೆಯ ಸ್ಟಾಪಿನಲ್ಲಿ ನಿಲ್ಲುತ್ತಿತ್ತು. ಅದನ್ನು ಓಡಿಸುತ್ತಿದ್ದವಳು ಡ್ರೈವರಕ್ಕ. ಅವಳ ದನಿಯ ಮುಂದೆ ಹಾರನ್ನು ದಂಡ. ಯಾರು ಕೈಯೆತ್ತಿದರೂ ನಿಲ್ಲಿಸುತ್ತಿದ್ದಳು. ಯಾರೋ ಜಡೆ ಹೆಣೆದುಕೊಳ್ಳುತ್ತಿದ್ದರೆ ಹೆಣೆದು ಮುಗಿಯಲಿ ಎಂದು ಕಾಯುತ್ತಿದ್ದಳು, ಕಾಯುತ್ತ ಬೈಯುತ್ತಲೂ ಇದ್ದಳು. ಅವಳ ದಾರಿಯ ಯಾವ ಮಡಕೆಯಲ್ಲಾದರೂ ಸರಿ, ಒಂದೇ ಒಂದು ಕಲ್ಲು ಉಳಿದಿದ್ದರೂ ಬಸ್ಸನ್ನು ಶೆಡ್ಡಿಗೆ ಬಿಡುತ್ತಿರಲಿಲ್ಲ. ಆ ಕಲ್ಲಿನವರನ್ನು ಹುಡುಕಿ ತಂದು ಇಳಿಸಿದ ಮೇಲೆಯೇ ಅವಳಿಗೆ ಊಟ.

ಮಡಕೆಗಳನ್ನೆಲ್ಲ ಮಾಡಿದವಳು ಮಡಕೆಯಜ್ಜಿ. ಒಂದೊಂದರ ತಳದಲ್ಲೂ ಅವಳು ಸುಣ್ಣದಲ್ಲಿ ಒಂದು ಬಿಳಿ ಹೂವು ಬರೆಯುತ್ತಿದ್ದಳು. ಮಡಕೆ ಪೂರ್ತಿ ಖಾಲಿಯಾದರೆ ಮಾತ್ರ ಹೂವು ಕಾಣುತ್ತಿತ್ತು. ಸುತ್ತಿನ ಬಸ್ಸಿನ ದಾರಿಯವರು ದಿನಾ ಸಂಜೆ ಮಡಕೆಗೆ ಇಣುಕಿ, ಹೂವು ನೋಡಿ, ಮನೆಗೆ ಹೋಗುತ್ತಿದ್ದರು.

ಹೀಗಿರುವಾಗ ಮೇಲಿನವರಿಂದ ಒಂದು ಓಲೆ ಬಂತು. ಮೇಲಿನವರು ಎಂದರೆ ಯಾರು ಎಂದು ನನ್ನ ಕೇಳಬೇಡಿ. ಓಲೆ ಕಳಿಸುವವರು, ಅಷ್ಟೇ. ಇನ್ನು ಮುಂದೆ ಒಂದು ಬಸ್ಸಿಗಾಗುವಷ್ಟೇ ಎಣ್ಣೆ ಇದೆ, ಅಳತೆಗಾರ ಬಂದು ಎರಡನ್ನೂ ಅಳೆಯುತ್ತಾನೆ, ಅಳತೆಯಲ್ಲಿ ಸೋತ ಬಸ್ಸಿನ ಚಕ್ರ ಕಳಚಿಡತಕ್ಕದ್ದು ಎಂದು ಅದರಲ್ಲಿತ್ತು.

ಡ್ರೈವರಕ್ಕ ಓಲೆ ಓದಿಸಿಕೊಂಡು ಕೇಳಿ ಎರಡು ದಿನ ಯಾರನ್ನೂ ಬೈಯಲಿಲ್ಲ. ಊರಿಗೆ ಭಯ ಹತ್ತಿದ್ದು ಆಗಲೇ. ಬಸ್ಸು ನಿಂತರೆ ಅವಳ ಕೈಗೆ ಕೆಲಸವಿಲ್ಲ, ಕೊನೆಯ ಸ್ಟಾಪಿಗೆ ಯಾರೂ ಬರುವುದಿಲ್ಲ, ಅಜ್ಜಿಯ ಮಡಕೆ ಯಾರ ಮನೆಗೂ ಹೋಗುವುದಿಲ್ಲ. "ನಮ್ಮ ಮಡಕೆ ನೋಡಿದರೆ ಸಾಕು, ಅಳತೆಗಾರನಿಗೆ ಎಲ್ಲ ತಿಳಿಯುತ್ತೆ" ಎಂದು ಊರವರು ಧೈರ್ಯ ಹೇಳಿಕೊಂಡರು.

ಅಳತೆಗಾರ ಬಂದ. ಹೆಗಲಿಗೆ ಅಳತೆಗೋಲು, ಸೊಂಟಕ್ಕೆ ನೂಲಿನ ಉಂಡೆ, ಕೈಯಲ್ಲೊಂದು ಪೆಟ್ಟಿಗೆ, ಪೆಟ್ಟಿಗೆಯ ತುಂಬ ತಕ್ಕಡಿ ಗಡಿಯಾರ ಮುಳ್ಳು ಮೊಳೆ. ಕೆಟ್ಟವನಲ್ಲ. ಕಂಡದ್ದನ್ನು ಬರೆಯುತ್ತಿದ್ದ, ಕಾಣದ್ದನ್ನು ಬರೆಯುತ್ತಿರಲಿಲ್ಲ. ಮೊದಲ ದಿನ ಗಡಿಯಾರ ಹಿಡಿದು ಎರಡೂ ಬಸ್ಸಿನಲ್ಲಿ ಕೂತ. ನೆಟ್ಟಗಿನ ಬಸ್ಸು ಹೋಗಿ ಬರಲು ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು. ಸುತ್ತಿನ ಬಸ್ಸು ಹೋಗಿ ಬರುವುದರೊಳಗೆ ಅವನು ಎರಡು ಸಲ ನಿದ್ದೆ ಮಾಡಿ ಎದ್ದ.

"ಮಡಕೆ ನೋಡಿ ಸ್ವಾಮಿ, ಮಡಕೆ" ಎಂದರು ಊರವರು.

"ಆಗಲಿ. ನಾಳೆ ಸಂಜೆ ಮಡಕೆ ನೋಡುತ್ತೇನೆ" ಎಂದ ಅಳತೆಗಾರ.

ಆ ನಾಳೆಗೆ ಊರು ಹಬ್ಬಕ್ಕೆ ಮಾಡಿಕೊಂಡ ಹಾಗೆ ತಯಾರಿ ಮಾಡಿಕೊಂಡಿತು. ಸುತ್ತಿನ ಬಸ್ಸಿನ ಎಲ್ಲ ಮಡಕೆಗಳನ್ನೂ ತೊಳೆದರು, ಕೊರಳಿಗೆ ಚೆಂಡು ಹೂವು ಸುತ್ತಿದರು. ಹೋದವರೆಲ್ಲ ಹೊತ್ತು ಮುಳುಗುವ ಮೊದಲೇ ಬರಬೇಕು, ಒಂದು ಕಲ್ಲೂ ಉಳಿಯಬಾರದು ಎಂದು ಮಾತಾಯಿತು. ಕೊನೆಗೆ ಬಳೆಗಾರನದೊಂದು ಕಲ್ಲು ಮಾತ್ರ ಉಳಿಯಿತು. ಅವನು ನೇಕಾರರ ಬೀದಿಯಲ್ಲಿ ಯಾರದೋ ಕೈ ಹಿಡಿದು ಬಳೆ ತೊಡಿಸುತ್ತ ಕೂತಿದ್ದ. ಡ್ರೈವರಕ್ಕ ಅವನಿಗೊಬ್ಬನಿಗಾಗಿ ಮತ್ತೊಂದು ಸುತ್ತು ಹೋಗಿ, ಬಳೆ ಮಲಾರದ ಸಮೇತ ಅವನನ್ನು ಎತ್ತಿ ಬಸ್ಸಿಗೆ ಹಾಕಿಕೊಂಡು ಬಂದಳು. "ಬಂದ್ಯಾ?" ಎಂದು ಊರೆಲ್ಲ ಕೂಗಿತು. "ಬಂದೆನಪ್ಪಾ, ಎಳಕೊಂಡು ಬಂದ್ಳು" ಎಂದು ಬಳೆಗಾರ ತನ್ನ ಕಲ್ಲು ತೆಗೆದುಕೊಂಡ.

ಅಳತೆಗಾರ ಮೊದಲು ಪೇಟೆಗೆ ಹೋಗಿ ನೆಟ್ಟಗಿನ ಬಸ್ಸಿನ ಮಡಕೆ ನೋಡಿದ. ಕುತ್ತಿಗೆತನಕ ಕಲ್ಲು. ಬರೆದುಕೊಂಡ. ಆಮೇಲೆ ಸುತ್ತಿನ ಬಸ್ಸಿನ ದಾರಿಗೆ ಬಂದ. ಮೊದಲ ಮಡಕೆಗೆ ಇಣುಕಿದ, ಬಿಳಿ ಹೂವು. ಎರಡನೆಯದಕ್ಕೆ ಇಣುಕಿದ, ಬಿಳಿ ಹೂವು. ಏಳು ಮಡಕೆಗೆ ಇಣುಕಿದ, ಏಳು ಬಿಳಿ ಹೂವು. ಊರವರು ಕೊನೆಯ ಮಡಕೆಯನ್ನು ತಲೆಕೆಳಗೆ ಮಾಡಿಯೇ ತೋರಿಸಿದರು.

"ಎಷ್ಟು ಕಲ್ಲಿದೆ?"

"ಒಂದೂ ಇಲ್ಲ ಸ್ವಾಮಿ!" ಎಂದರು ಎಲ್ಲರೂ ಒಟ್ಟಿಗೆ, ಮುಖ ಅರಳಿಸಿಕೊಂಡು.

ಅಳತೆಗಾರ ಬರೆದ, ಬರೆದದ್ದನ್ನು ನಿಯಮದಂತೆ ಗಟ್ಟಿಯಾಗಿ ಓದಿದ. "ನೆಟ್ಟಗಿನ ಬಸ್ಸು: ಮಡಕೆ ತುಂಬ. ಸುತ್ತಿನ ಬಸ್ಸು: ಹತ್ತಿದವರು ಸೊನ್ನೆ."

ಬಳೆಗಾರನ ಕೈಯಿಂದ ಒಂದು ಡಜನ್ ಬಳೆ ಜಾರಿ ಬಿತ್ತು.

"ಅಯ್ಯೋ, ಖಾಲಿ ಅಂದ್ರೆ ಹೋದವರೆಲ್ಲ ಬಂದ್ರು ಅಂತ ಸ್ವಾಮಿ" ಎಂದಳು ಡ್ರೈವರಕ್ಕ.

"ಇರಬಹುದಮ್ಮ. ಆದರೆ ಯಾರೂ ಹೋಗದೇ ಇದ್ದರೂ ಮಡಕೆ ಹೀಗೇ ಇರುತ್ತದಲ್ಲ? ಆ ಖಾಲಿಗೂ ಈ ಖಾಲಿಗೂ ಏನು ವ್ಯತ್ಯಾಸ? ಮಡಕೆಯಲ್ಲೇ ತೋರಿಸಿ, ಈಗಲೇ ಬರೆದುಕೊಳ್ಳುತ್ತೇನೆ."

ಯಾರಿಗೂ ತೋರಿಸಲಾಗಲಿಲ್ಲ. ನಿಮಗೆ ಅವನ ಮೇಲೆ ಸಿಟ್ಟು ಬರಬಹುದು, ನನಗೂ ಬಂದಿತ್ತು, ಆದರೆ ಅವನ ಮಾತಿನಲ್ಲಿ ತಪ್ಪು ಹುಡುಕಲು ಹೋಗಿ ಸೋತೆ. ಊರವರು ಅಷ್ಟು ಕಷ್ಟಪಟ್ಟು ಮಡಕೆ ಖಾಲಿ ಮಾಡಿದ್ದರಿಂದಲೇ ಬಸ್ಸು ಸೋತಿತ್ತು.

"ನಾಳೆ ಸೇತುವೆಯ ಉದ್ದ ಅಳೆಯುವುದೊಂದು ಬಾಕಿ. ಅಳೆದು ಮುದ್ರೆ ಒತ್ತುತ್ತೇನೆ. ನಾಳಿದ್ದಿನಿಂದ ಈ ಬಸ್ಸಿಗೆ ಎಣ್ಣೆ ಇಲ್ಲ" ಎಂದ ಅಳತೆಗಾರ. ಹೇಳುವಾಗ ಅವನು ಡ್ರೈವರಕ್ಕನ ಮುಖ ನೋಡಲಿಲ್ಲ. ಉಳಿಯಲು ಬೇರೆ ಜಾಗವಿಲ್ಲದೆ ಮಡಕೆಯಜ್ಜಿಯ ಜಗಲಿಯ ಮೇಲೆಯೇ ಮಲಗಿಕೊಂಡ.

ಬೆಳಿಗ್ಗೆ ಅಜ್ಜಿ ಅವನಿಗೆ ಗಂಜಿ ಕೊಟ್ಟಳು. ಮೊದಲ ಬಸ್ಸು ಬಂದು ನಿಂತಿತು. ಅಳತೆಗಾರ ಕೋಲು ಪೆಟ್ಟಿಗೆ ಎತ್ತಿಕೊಂಡು ಹತ್ತಲು ಹೊರಟ.

"ಏ ತಡಿ. ನಿನ್ನ ಕಲ್ಲೆಲ್ಲಿ?" ಎಂದಳು ಅಜ್ಜಿ.

"ನನಗೆ ಕಲ್ಲಿಲ್ಲಮ್ಮ."

"ಯಾರೂ ಕೊಟ್ಟಿಲ್ವಾ?"

"ನಮ್ಮ ಕಡೆ ಆ ಪದ್ಧತಿ ಇಲ್ಲ. ನಾನು ಊರೂರು ಅಳೆಯುವವನು. ಹೋಗುತ್ತಿರುತ್ತೇನೆ, ಅಷ್ಟೇ."

"ಹೋಗ್ತಾನೇ ಇರ್ತೀಯಾ? ಬರೋದೇ ಇಲ್ವಾ?"

ಅಜ್ಜಿ ಒಳಗೆ ಹೋದಳು. ಹೊಳೆಗೆ ಹೋಗಿ ಕಲ್ಲು ಆರಿಸಿ ತರುವಷ್ಟು ಹೊತ್ತಿರಲಿಲ್ಲ. ಕೊಡಬಹುದಾದ ಕಲ್ಲು ಅವಳ ಬಳಿ ಒಂದೇ ಇತ್ತು, ಹಸಿ ಮಡಕೆಯ ಮೈ ತಿಕ್ಕಿ ನುಣುಪು ಮಾಡುವ ಕಲ್ಲು. ನಲವತ್ತು ವರ್ಷ ತಿಕ್ಕಿ ತಿಕ್ಕಿ ಅದು ಅವಳ ಹೆಬ್ಬೆರಳಿನ ಗುರುತಿಗೆ ಸರಿಯಾಗಿ ತಗ್ಗಾಗಿತ್ತು. ಅದನ್ನೇ ತಂದು ಅವನ ಕೈಗಿಟ್ಟಳು.

"ಇದು ಕೊಟ್ಟರೆ ನೀವು ಮಡಕೆ ತಿಕ್ಕುವುದು ಹೇಗೆ?"

"ನೀ ಬರೋತನಕ ತಿಕ್ಕಲ್ಲ. ಬೇಗ ಬಾ."

ಅಳತೆಗಾರ ಮಡಕೆಯೊಳಗೆ ಕಲ್ಲು ಹಾಕಿದ. ಬಿಳಿ ಹೂವಿನ ಮೇಲೆ ಅದು ಟಣ್ಣೆಂದು ಕೂತಿತು. "ಹೋಗಿ ಬರ್ತೀನಿ" ಎಂದ. ಆ ಮಾತು ಅವನ ಬಾಯಿಗೆ ಹೊಸದು, ಹೊಸ ಚಪ್ಪಲಿಯ ಹಾಗೆ ಸ್ವಲ್ಪ ಕಚ್ಚಿತು. ಪೇಟೆಯಲ್ಲಿ ಬಸ್ಸು ಬದಲಾಯಿಸಿ ಹೊಳೆಯಾಚೆಗೆ ಹೋದ, ಸೇತುವೆಯ ಉದ್ದವನ್ನು ನೂಲಿನಿಂದ ಅಳೆದ, ಕೋಲಿನಿಂದ ಅಳೆದ, ಮಧ್ಯಾಹ್ನದೊಳಗೆ ಮುಗಿಸಿ ಸಂತೆಮಾಳದ ಸ್ಟಾಪಿಗೆ ಬಂದ.

ಅಲ್ಲಿ ನಲವತ್ತಕ್ಕೂ ಹೆಚ್ಚು ಜನ ಕೂತಿದ್ದರು. ಒಬ್ಬಳ ಮುಂದೆ ಕುಂಬಳಕಾಯಿಯ ಬುಟ್ಟಿ. ಒಬ್ಬನ ಕೈಯಲ್ಲಿ ಹೋತ. ಒಬ್ಬ ಗಂಡ ಒಬ್ಬಳು ಹೆಂಡತಿ, ಅವರ ನಡುವೆ ಹೊಚ್ಚ ಹೊಸ ಮರದ ತೊಟ್ಟಿಲು. ಬೆಳಿಗ್ಗೆ ಎಲ್ಲರೂ ಬರಿಗೈಯಲ್ಲಿ ಬಂದವರು, ಏಳು ಉಸಿರಲ್ಲಿ ಸಲೀಸಾಗಿ ಹತ್ತಿ ಇಳಿದವರು. ಈಗ ಬಹುತೇಕ ಎಲ್ಲರಿಗೂ ಕೈತುಂಬ ಹೊರೆ.

ನೆಟ್ಟಗಿನ ಬಸ್ಸು ಬಂತು. ಎಲ್ಲರೂ ಎದ್ದರು. ಅಳತೆಗಾರ ಕೋಲನ್ನು ಅಡ್ಡ ಹಿಡಿದು ನುಗ್ಗಿದ, ಕೋಲು ಬಾಗಿಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಾಗ ಐದು ಉಸಿರು, ಪೆಟ್ಟಿಗೆ ಎತ್ತಿಕೊಳ್ಳುವಾಗ ಎರಡು. ಬಾಗಿಲು ಮುಚ್ಚಿತು. ಹೊರೆಯಿಲ್ಲದ ಮೂವರು ಒಳಗೆ, ಉಳಿದವರೆಲ್ಲ ಹೊರಗೆ. ಮತ್ತೊಂದು ಸಲ ಬಂತು, ಒಬ್ಬ ಹತ್ತಿದ. ಮತ್ತೊಂದು ಸಲ ಬಂತು, ಯಾರೂ ಹತ್ತಲಿಲ್ಲ. ಗಡಿಯಾರ ಬಡಿಯಿತು, ಬಸ್ಸು ಬರಿದಾಗಿ, ಬಹಳ ವೇಗವಾಗಿ ಹೊರಟುಹೋಯಿತು.

"ದಿನಾ ಹೀಗೇನಾ?" ಎಂದು ಕೇಳಿದ ಅಳತೆಗಾರ.

"ದಿನಾ ಹಿಂಗೇಯ" ಎಂದಳು ಕುಂಬಳಕಾಯಿಯವಳು. "ಒಂದೊಂದು ದಿನ ಸೇತುವೆ ಮೇಲೆ ನಡಕೊಂಡೇ ಹೋಗಿ ಬೆಳಗಾನ ಮನೆ ಸೇರ್ತೀವಿ. ಒಂದೊಂದು ದಿನ ಇಲ್ಲೇ. ಯಾವನೋ ಪುಣ್ಯಾತ್ಮ ಮೇಲೆ ಕೂತ್ಕೊಂಡು ಏಳು ಉಸಿರು ಅಂತ ಬರೆದಾನಂತೆ. ಅವನ ತಲೆ ಮೇಲೆ ಈ ಕುಂಬಳಕಾಯಿ ಬುಟ್ಟಿ ಹೊರಿಸಿ ಹತ್ತು ನೋಡಾನ ಅನ್ಬೇಕು."

ಅಳತೆಗಾರ ಬಗ್ಗಿ, ಕುಂಬಳಕಾಯಿ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡ. ಬಸ್ಸು ಬಂತು. ಒಂದು ಉಸಿರು, ಎರಡು ಉಸಿರು, ಮೆಟ್ಟಿಲಿಗೆ ಕಾಲಿಟ್ಟ, ಬುಟ್ಟಿ ವಾಲಿತು, ಏಳನೆಯ ಉಸಿರಿಗೆ ಅವನು ನೆಲದ ಮೇಲೆ ಕೂತಿದ್ದ, ಸುತ್ತ ಕುಂಬಳಕಾಯಿ ಉರುಳಾಡುತ್ತಿದ್ದವು.

"ಆ ಪುಣ್ಯಾತ್ಮ ನಾನೇ ಕಣಮ್ಮ. ಬೇರೆ ಊರಲ್ಲಿ ಬರಿಗೈಯವರು ಹತ್ತುವುದನ್ನು ನೋಡಿ ಬರೆದಿದ್ದೆ" ಎಂದ.

ಮೊದಲು ಕುಂಬಳಕಾಯಿಯವಳು ನಕ್ಕಳು. ತೊಟ್ಟಿಲಿನವರು ನಕ್ಕರು. ನಲವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಕ್ಕೆ ಹೋತ ಹೆದರಿ ಹಗ್ಗ ಕಿತ್ತುಕೊಂಡು ಓಡಿತು, ಅದನ್ನು ಹಿಡಿಯಲು ಎಲ್ಲರೂ ಓಡಿದರು, ಅಳತೆಗಾರನೂ ಓಡಿದ. ಹಿಡಿದು ತಂದ ಮೇಲೆ ಅವನಿಗೂ ಪುರಿ, ಬೆಲ್ಲ ಕೊಟ್ಟರು. ಅಳತೆಗಾರ ಪುರಿ ತಿನ್ನುತ್ತ ಪೇಟೆಯ ಮಡಕೆಯ ಬಗ್ಗೆ ಯೋಚಿಸಿದ. ಕುತ್ತಿಗೆತನಕ ತುಂಬಿದ್ದ ಆ ಕಲ್ಲುಗಳೆಲ್ಲ ಇಲ್ಲಿ ಕೂತಿರುವವರವು. ಬಸ್ಸಿನ ಗೆಲುವು ಎಂದು ಅವನು ಬರೆದಿಟ್ಟದ್ದು ಇವರು ಮನೆ ಮುಟ್ಟದೆ ಇದ್ದುದನ್ನು. ಪೆನ್ನು ತೆಗೆದ, ಮತ್ತೆ ಜೇಬಿಗಿಟ್ಟ.

ಹೊತ್ತು ಇಳಿಯಿತು. ಸೇತುವೆಯ ಕಡೆಯಿಂದ ಹಾರನ್ನು ಕೇಳಿಸಿತು, ಹಾರನ್ನಿಗಿಂತ ಜೋರಾಗಿ ಬೈಗುಳ ಕೇಳಿಸಿತು. ಸುತ್ತಿನ ಬಸ್ಸು! ಅದು ಹುಟ್ಟಿದ ಮೇಲೆ ಸೇತುವೆ ದಾಟಿದ್ದು ಅದೇ ಮೊದಲು.

"ಎಲ್ಲಿ ಹೋಗಿದ್ರಿ ಸ್ವಾಮಿ?" ಎಂದು ಡ್ರೈವರಕ್ಕ ಕಿಟಕಿಯಿಂದಲೇ ಕೂಗಿದಳು. "ಏಳು ಮಡಕೇಲಿ ಆರು ಖಾಲಿ. ಕೊನೇದ್ರಲ್ಲಿ ಒಂದೇ ಒಂದು ಕಲ್ಲು. ಯಾರದು ಅಂತ ನೋಡಿದ್ರೆ ನಿಮ್ಮದು. ನಾ ಶೆಡ್ಡಿಗೆ ಹೆಂಗೆ ಹೋಗ್ಲಿ?"

"ನನಗಾಗಿ ಬಂದಿರಾ? ನಾನು ನಿಮ್ಮ ಬಸ್ಸು ನಿಲ್ಲಿಸಲು ಬಂದವನಲ್ಲವೇ?"

"ನಿಲ್ಸೋದು ನಾಳಿಂದ ತಾನೆ? ಇವತ್ತಿನ ಎಣ್ಣೆ ಇವತ್ತಿದೆ. ಹತ್ತಿ ಹತ್ತಿ. ಏನ್ರಮ್ಮ, ನೀವ್ಯಾಕೆ ನೋಡ್ತಾ ನಿಂತ್ರಿ? ಆ ತೊಟ್ಟಿಲು ಮೊದಲು ಏರ್ಸಿ."

ಎಷ್ಟು ಉಸಿರಾಯಿತೋ ಯಾರೂ ಎಣಿಸಲಿಲ್ಲ. ತೊಟ್ಟಿಲು ಏರಿತು, ಕುಂಬಳಕಾಯಿ ಏರಿತು, ಹೋತ ಏರಿತು, ನಲವತ್ತು ಜನ ಏರಿದರು, ಕೋಲನ್ನು ಕಿಟಕಿಯಿಂದ ಕಿಟಕಿಗೆ ಅಡ್ಡ ಇಟ್ಟು ಅದರ ಮೇಲೆ ಬುಟ್ಟಿ ತೂಗುಹಾಕಿದರು. ಬಸ್ಸು ಪೇಟೆಗೆ ಬಂತು. ಅಂಗಡಿಯವರು ಬಾಗಿಲಿಗೆ ಬಂದರು. "ಬಂದ್ಯಾ?" ಎಂದರು. "ಬಂದೆ." "ಬಂದ್ರಾ?" "ಬಂದ್ವಿ." ಒಬ್ಬೊಬ್ಬರೂ ಮಡಕೆಗೆ ಕೈಹಾಕಿ ತಮ್ಮ ಕಲ್ಲು ತೆಗೆದರು. ಕೊನೆಯ ಕಲ್ಲು ಹೊರಬಂದಾಗ ಪೇಟೆಯವರು ಮಡಕೆಗೆ ಇಣುಕಿ ಬೆರಗಾದರು. ತಳದಲ್ಲೊಂದು ಬಿಳಿ ಹೂವಿತ್ತು. ತಮ್ಮ ಮಡಕೆಯಲ್ಲೂ ಹೂವಿದೆ ಎಂದು ಅವರಿಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಇಣುಕಿದರು, ಮಕ್ಕಳನ್ನು ಎತ್ತಿ ತೋರಿಸಿದರು.

ದೀಪ ಹಚ್ಚುವ ಹೊತ್ತಿಗೆ ಬಸ್ಸು ಕೊನೆಯ ಸ್ಟಾಪು ಮುಟ್ಟಿತು. ಮಡಕೆಯಜ್ಜಿ ಮಡಕೆಯ ಪಕ್ಕ ಕೈಕಟ್ಟಿಕೊಂಡು ಕೂತಿದ್ದಳು. ಅಂದು ತಟ್ಟಿದ ಎಂಟು ಹಸಿ ಮಡಕೆ ತಿಕ್ಕದೆ ಹಾಗೇ ಇದ್ದವು.

"ಬಂದ್ಯಾ ಮಗಾ?"

ಅಳತೆಗಾರ ಕೋಲು ಹಿಡಿದು ಮೆಟ್ಟಿಲಿಳಿದ. ಇಷ್ಟು ವರ್ಷ ಅವನು ಸಾವಿರ ದಾರಿ ಅಳೆದಿದ್ದ, ಒಂದು ದಾರಿಯ ಕೊನೆಯಲ್ಲೂ ಯಾರೂ ಇದನ್ನು ಕೇಳಿರಲಿಲ್ಲ. ಡ್ರೈವರಕ್ಕ ಹಾರನ್ನು ಒತ್ತಲು ಹೋಗಿ ಕೈ ಹಿಂದೆ ತೆಗೆದುಕೊಂಡಳು.

"ಬಂದೆ ಅಜ್ಜಿ" ಎಂದ ಕಡೆಗೆ. ಹೇಳಿದ ಮೇಲೆ ಅತ್ತ, ಅಳುತ್ತ ನಕ್ಕ. ಮಡಕೆಗೆ ಕೈಹಾಕಿ ಕಲ್ಲು ತೆಗೆದ. ತಗ್ಗಿದ್ದ ಕಡೆ ಅವನ ಹೆಬ್ಬೆರಳೂ ಸರಿಯಾಗಿ ಕೂತಿತು. ಮಡಕೆಗೆ ಇಣುಕಿದ. ನಿನ್ನೆಯದೇ ಮಡಕೆ, ನಿನ್ನೆಯದೇ ಖಾಲಿ, ನಿನ್ನೆಯದೇ ಹೂವು. ನಿನ್ನೆ ಸೊನ್ನೆ ಎಂದು ಬರೆದಿದ್ದನ್ನು ನೆನೆದು ಅವನಿಗೆ ನಾಚಿಕೆಯಾಯಿತು.

ಆದರೆ ಅಳತೆಗಾರ ಅಳತೆಗಾರನೇ. ತನಗೆ ಗೊತ್ತಾದರೆ ಸಾಲದು, ಮೇಲಿನವರಿಗೆ ಕಾಣಬೇಕು. ಮರುದಿನ ಅಜ್ಜಿಯ ಮುಂದೆ ಕೂತು, "ಒಂದೊಂದು ಸ್ಟಾಪಿಗೂ ಇನ್ನೊಂದು ಮಡಕೆ ಬೇಕಲ್ಲ" ಎಂದ. ಹೋಗುವಾಗ ಒಂದಕ್ಕೆ ಕಲ್ಲು ಹಾಕುವುದು, ಬಂದ ಮೇಲೆ ಅದನ್ನು ಪಕ್ಕದ್ದಕ್ಕೆ ಹಾಕುವುದು, ಬೆಳಿಗ್ಗೆ ಕಲ್ಲು ವಾಪಸ್. ಸಂಜೆ ನೋಡಿದವರಿಗೆ ಎಷ್ಟು ಜನ ಹೋದರು, ಎಷ್ಟು ಜನ ಬಂದರು ಎರಡೂ ಕಾಣುತ್ತದೆ. "ಇಷ್ಟೇನಾ? ನಮಗ್ಯಾಕೆ ಹೊಳೀಲಿಲ್ಲ!" ಎಂದು ಊರವರು ತಲೆ ಚಚ್ಚಿಕೊಂಡರು. ಅಜ್ಜಿ ಎಂಟು ಮಡಕೆ ತಿಕ್ಕಿ ಸುಟ್ಟು ಕೊಟ್ಟಳು. ಏಳು ಸುತ್ತಿನ ದಾರಿಗೆ, ಒಂದು ಪೇಟೆಗೆ. ಅಳತೆಗಾರ ಮುದ್ರೆ ಒತ್ತದೆ ವಾರವಿಡೀ ನೋಡಿ ಬರೆದ. ನೆಟ್ಟಗಿನ ಬಸ್ಸು ಗಡಿಯಾರದ ಮಾತು ಕೇಳಿ ಬರಿದಾಗಿ ಓಡಿದ ಓಟಗಳನ್ನೂ ಬರೆದ. ಆ ಓಟ ಬಿಟ್ಟು, ಬಂದಾಗ ಹೊರೆ ಏರುವತನಕ ನಿಂತರೆ, ಇರುವ ಎಣ್ಣೆ ಎರಡು ಬಸ್ಸಿಗೂ ಸಾಕಾಗುತ್ತದೆ ಎಂದು ಬರೆದ. ಮೊದಲು ಬರೆದದ್ದನ್ನು ಹರಿದು ಹಾಕಿದ.

ಆಮೇಲೆ ಮಡಕೆಗೆ ಕಲ್ಲು ಹಾಕಿ, "ಹೋಗಿ ಬರ್ತೀನಿ" ಎಂದು ಮೇಲಿನವರ ಬಳಿಗೆ ಹೋದ.

ಒಂದು ದಿನ ಕಳೆಯಿತು, ಬರಲಿಲ್ಲ. ಎರಡು ದಿನ ಕಳೆಯಿತು, ಬರಲಿಲ್ಲ. ಸುತ್ತಿನ ಬಸ್ಸು ಶೆಡ್ಡಿಗೆ ಹೋಗಲಿಲ್ಲ, ಮೇಲಿನವರ ದಾರಿ ಯಾವುದೆಂದು ತಿಳಿಯದೆ ಡ್ರೈವರಕ್ಕ ಸೀಟಿನ ಮೇಲೆಯೇ ಮಲಗಿದಳು. ಅಜ್ಜಿ ಮಡಕೆ ತಿಕ್ಕಲಿಲ್ಲ. ಮೂರನೆಯ ದಿನ ಮಧ್ಯಾಹ್ನ ದಾರಿಯ ತಿರುವಿನಲ್ಲಿ ಒಂದು ಅಳತೆಗೋಲು ಕಾಣಿಸಿತು, ಆಮೇಲೆ ಅದನ್ನು ಹೊತ್ತವನು ಕಾಣಿಸಿದ. ಊರೆಲ್ಲ ಓಡಿ ಬಂತು. ಅವನ ಕೈಯಲ್ಲಿದ್ದ ಓಲೆ ಎಲ್ಲರಿಗೂ ಕಂಡಿತು, ಒಬ್ಬರೂ ಅದರ ಮಾತೆತ್ತಲಿಲ್ಲ. ಮೊದಲು ಕೇಳಬೇಕಾದ್ದು ಬೇರೆ ಇತ್ತು.

"ಬಂದ್ರಾ?" ಎಂದು ಊರಿಗೆ ಊರೇ ಕೇಳಿತು.

"ಬಂದೆ."

ಅವನು ತನ್ನ ಕಲ್ಲನ್ನು ಬಂದವರ ಮಡಕೆಗೆ ಹಾಕಿದ. ಆಮೇಲೆ ಓಲೆ ಓದಿದ. ಎರಡು ಬಸ್ಸೂ ಓಡತಕ್ಕದ್ದು. ಏಳು ಉಸಿರಿನ ನಿಯಮ ಇನ್ನಿಲ್ಲ. ಡ್ರೈವರಕ್ಕ ಯಾರೋ ಸಿಕ್ಕವರನ್ನು ತಬ್ಬಿಕೊಂಡಳು, ನೋಡಿದರೆ ಬಳೆಗಾರ, ತಬ್ಬಿಕೊಂಡೇ ಅವನಿಗೆ ಹಳೆಯದಕ್ಕೆಲ್ಲ ಸೇರಿಸಿ ಬೈದಳು. "ತಡೀರಿ, ಕೆಳಗೆ ಇನ್ನೊಂದು ಸಾಲಿದೆ" ಎಂದ ಅಳತೆಗಾರ. ಕೊನೆಯ ಸಾಲು ಸಣ್ಣ ಅಕ್ಷರದಲ್ಲಿತ್ತು, ಬರೆದವರಿಗೆ ಸಂಕೋಚವಾಗಿದ್ದ ಹಾಗೆ: ನಮಗೂ ಒಂದೊಂದು ಕಲ್ಲು ಸಿಗಬಹುದೇ?

"ಎಷ್ಟು ಜನ ಇದಾರೆ ಅವರು?" ಎಂದಳು ಅಜ್ಜಿ.

"ಹನ್ನೆರಡು."

"ಅಯ್ಯೋ ರಾಮಾ! ಹನ್ನೆರಡು ಜನಾನ ಕಾಯೋ ವಯಸ್ಸಾ ನಂದು?" ಎಂದು ಗೊಣಗುತ್ತ ಅಜ್ಜಿ ಬುಟ್ಟಿ ಹುಡುಕಿಕೊಂಡಳು. ಹೊಳೆಗೆ ಹೋಗಲು ಸುತ್ತಿನ ಬಸ್ಸಿನ ಮೆಟ್ಟಿಲ ಬಳಿ ಬಂದಳು. ನಿಂತಳು. ಸೆರಗಿನ ಗಂಟು ಬಿಚ್ಚಿ, ಯಾವ ಕಾಲದಲ್ಲೋ ಯಾರೋ ಕೊಟ್ಟಿದ್ದ, ಈಗ ಕಾಯುವವರಿಲ್ಲದ ತನ್ನ ಕಲ್ಲನ್ನು ತೆಗೆದಳು. ಎಷ್ಟೋ ವರ್ಷದಿಂದ ಅವಳು ಎಲ್ಲಿಗೂ ಹೋಗಿರಲಿಲ್ಲ. ಕಲ್ಲನ್ನು ಕೈಯಲ್ಲಿ ಹಿಡಿದು ಮಡಕೆಯನ್ನು ನೋಡುತ್ತ ನಿಂತಳು.

"ಹಾಕಿ ಅಜ್ಜಿ" ಎಂದ ಅಳತೆಗಾರ.

ಅಜ್ಜಿ ಕಲ್ಲು ಹಾಕಿದಳು. "ಹೋಗಿ ಬರ್ತೀನಿ" ಎಂದಳು. ಬಸ್ಸು ಹೊರಟಿತು. ಅಳತೆಗಾರ ಕೋಲನ್ನು ಗೋಡೆಗೆ ಒರಗಿಸಿ, ಗಡಿಯಾರವನ್ನು ಪೆಟ್ಟಿಗೆಯೊಳಗಿಟ್ಟು, ಮಡಕೆಯ ಪಕ್ಕ ಕಾಲು ಮಡಚಿ ಕೂತ. ಅವಳು ಬಂದ ಕೂಡಲೇ ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಒಂದೆರಡು ಸಲ ಹೇಳಿ ನೋಡಿಕೊಂಡ.